ವಿನ್ಯಾಸ ತೆರೆದಿಟ್ಟರೆ ಕಾರ್ಖಾನೆಗೆ ಲಾಭವೇನು?

ದೇಸೂರ (ಬೆಳಗಾವಿ): ಬೆಳಗಾವಿಯಿಂದ ಖಾನಾಪುರದತ್ತ ಹೊರಟರೆ ಉದ್ಯಮಬಾಗ, ಮಚ್ಛೆ ದಾಟಿ ದೇಸೂರದ ಹಾದಿಯಲ್ಲಿ ಎರಕದ ಕಾರ್ಖಾನೆಗಳು, ಯಂತ್ರಭಾಗ ತಯಾರಿಸುವ ಸಣ್ಣ ಘಟಕಗಳು ಕಾಣಸಿಗುತ್ತವೆ. ಇಂತಹ ಘಟಕಗಳ ಜಾಬ್‌ವರ್ಕ್ ನಡೆಯುವುದು ಬೇರೆಯವರ ನಕ್ಷೆಯ ಮೇಲೆ. ನಕ್ಷೆ ಗ್ರಾಹಕ ಕಂಪೆನಿಯದು, ದುಡಿಮೆ ಕಾರ್ಖಾನೆಯದು. ಆರ್ಡರ್ ನಿಂತರೆ ಯಂತ್ರವೂ ನಿಲ್ಲುತ್ತದೆ. ಈ ಪರಾವಲಂಬನೆಯನ್ನು ತಗ್ಗಿಸಬಲ್ಲ ಮಾರ್ಗಗಳಲ್ಲಿ ಓಪನ್ ಸೋರ್ಸ್ ಹಾರ್ಡ್‌ವೇರ್, ಅಂದರೆ ಮುಕ್ತ ಯಂತ್ರಾಂಶವೂ ಒಂದು.

ಉಪಕರಣದ ನಕ್ಷೆ, ಬಿಡಿಭಾಗಗಳ ಪಟ್ಟಿ, ಜೋಡಣೆಯ ವಿಧಾನ ಎಲ್ಲವನ್ನೂ ಬಹಿರಂಗಪಡಿಸಿ, ಯಾರು ಬೇಕಾದರೂ ತಯಾರಿಸಿ ಮಾರಲು ಅನುಮತಿ ನೀಡುವುದೇ ಇದರ ತಿರುಳು. ಹಾಗಾದರೆ ತಯಾರಕನಿಗೆ ಉಳಿಯುವುದೇನು ಎಂಬ ಪ್ರಶ್ನೆ ಸಹಜ.

ಕರ್ನಾಟಕದ ಪಾಠ

ಈ ಪ್ರಶ್ನೆಗೆ ಒಂದು ಉತ್ತರವನ್ನು ಬೆಂಗಳೂರು ಬಹಳ ಹಿಂದೆಯೇ ಪರೀಕ್ಷಿಸಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಹಾಗೂ ಎನ್ಕೋರ್ ಸಾಫ್ಟ್‌ವೇರ್ ಕಂಪೆನಿಯ ತಂತ್ರಜ್ಞರು ಸೇರಿ 2001ರಲ್ಲಿ ಅನಾವರಣಗೊಳಿಸಿದ 'ಸಿಂಪ್ಯೂಟರ್' ಎಂಬ ಅಂಗೈ ಗಣಕದ ವಿನ್ಯಾಸವನ್ನು ಸಿಂಪ್ಯೂಟರ್ ಟ್ರಸ್ಟ್ ತೆರೆದಿಟ್ಟಿತು. ತಯಾರಕರು ಒಮ್ಮೆ ಮಾತ್ರ ಪರವಾನಗಿ ಶುಲ್ಕ ತೆರಬೇಕಿತ್ತು. ತಾವು ಮಾಡಿದ ಸುಧಾರಣೆಯನ್ನು ಒಂದು ವರ್ಷ ತಮ್ಮಲ್ಲೇ ಇಟ್ಟುಕೊಂಡು, ಬಳಿಕ ಟ್ರಸ್ಟಿಗೆ ಒಪ್ಪಿಸಬೇಕಿತ್ತು. ಮೊದಲು ಮಾರುಕಟ್ಟೆಗೆ ಬಂದವನಿಗೆ ವರ್ಷದ ಮುನ್ನಡೆ, ಆಮೇಲೆ ಎಲ್ಲರಿಗೂ ಫಲ ಎಂಬುದು ಅದರ ಲೆಕ್ಕಾಚಾರ.

2004ರಲ್ಲಿ ಪಿಕೊಪೆಟಾ ಸಂಸ್ಥೆಯೊಡನೆ ಬಿಇಎಲ್ 'ಅಮಿಡಾ ಸಿಂಪ್ಯೂಟರ್' ಹೊರತಂದಿತು. ಆರಂಭಿಕ ಮಾದರಿಯ ಬೆಲೆ ಸುಮಾರು 10 ಸಾವಿರ ರೂಪಾಯಿ. ಆದರೆ ನಿರೀಕ್ಷಿತ ಪ್ರಮಾಣದ ಬೇಡಿಕೆ ಬರಲಿಲ್ಲ. ಮೊಬೈಲ್ ಫೋನ್‌ಗಳು ಅಗ್ಗವಾಗುತ್ತ ಹೋದವು. ಪರವಾನಗಿ ಎಷ್ಟೇ ಉದಾರವಾಗಿದ್ದರೂ ಗ್ರಾಹಕನನ್ನು ಅದು ತಂದುಕೊಡದು ಎಂಬುದು ಇಲ್ಲಿನ ಪಾಠ.

ಹೆಸರೇ ಬಂಡವಾಳ

ಇಟಲಿಯ ಇವ್ರಿಯಾದಲ್ಲಿ 2005ರಲ್ಲಿ ಹುಟ್ಟಿದ ಅರ್ಡುಯಿನೊ ಬೇರೆ ದಾರಿ ಹಿಡಿಯಿತು. ಬೋರ್ಡಿನ ವಿನ್ಯಾಸ ಮುಕ್ತ, ಹೆಸರು ಮಾತ್ರ ನೋಂದಾಯಿತ ವಾಣಿಜ್ಯ ಚಿಹ್ನೆ. ಅಗ್ಗದ ಪ್ರತಿಗಳು ಲೋಕವೆಲ್ಲ ಹರಡಿದರೂ, ಅವುಗಳಿಂದಲೇ ಬಳಕೆದಾರರ ಬಳಗ ಬೆಳೆದು ಮೂಲ ಹೆಸರಿನ ಮೌಲ್ಯ ಹೆಚ್ಚಿತು. 2025ರ ಅಕ್ಟೋಬರ್‌ನಲ್ಲಿ ಈ ಸಂಸ್ಥೆಯನ್ನು ಕೊಳ್ಳುವುದಾಗಿ ಅಮೆರಿಕದ ಕ್ವಾಲ್‌ಕಾಮ್ ಘೋಷಿಸಿತು.

ಯಾರಿಗೆ ಸೂಕ್ತ?

ಗ್ರಾಹಕರ ನಕ್ಷೆಯನ್ನು ಬಹಿರಂಗಪಡಿಸುವ ಹಕ್ಕು ಜಾಬ್‌ವರ್ಕ್ ಘಟಕಕ್ಕಿಲ್ಲ. ಆದರೆ ಕುಲುಮೆಯ ತಾಪಮಾನ ದಾಖಲಿಸುವ ಸಾಧನ ಅಥವಾ ತಪಾಸಣಾ ಉಪಕರಣವನ್ನು ಮುಕ್ತ ಬೋರ್ಡ್ ಬಳಸಿ ತಾನೇ ರೂಪಿಸಿಕೊಳ್ಳಬಹುದು, ಸ್ವಂತ ಉತ್ಪನ್ನವಾಗಿ ಮಾರಲೂಬಹುದು. ವಿನ್ಯಾಸಕ್ಕೆ ರಾಯಧನ ತೆರಬೇಕಿಲ್ಲ. ಆದರೆ ಪರವಾನಗಿಯ ಷರತ್ತುಗಳನ್ನು ಮೊದಲೇ ಓದಬೇಕು. ಕೆಲವು ಪರವಾನಗಿಗಳಂತೆ ಮಾರ್ಪಾಡನ್ನೂ ತೆರೆದಿಡುವುದು ಕಡ್ಡಾಯ.

ಮಚ್ಛೆಯಲ್ಲೇ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ವಿನ್ಯಾಸ ಬಲ್ಲ ವಿದ್ಯಾರ್ಥಿಗಳೂ ಲೋಹ ಬಲ್ಲ ಕೆಲಸಗಾರರೂ ಒಂದೇ ರಸ್ತೆಯಲ್ಲಿದ್ದಾರೆ. ನಕ್ಷೆಯನ್ನು ಯಾರಾದರೂ ನಕಲು ಮಾಡಬಹುದು. ಎರಕದ ಗುಣಮಟ್ಟ, ಸಕಾಲದ ಪೂರೈಕೆ ಹಾಗೂ ಕೆಟ್ಟಾಗ ದುರಸ್ತಿಗೆ ಬರುವ ಭರವಸೆಯನ್ನು ನಕಲು ಮಾಡುವುದು ಸುಲಭವಲ್ಲ. ತಯಾರಕನ ಲಾಭ ಉಳಿಯುವುದು ಅಲ್ಲಿಯೇ.