ಮಗ್ಗಲು ಬದಲಿಸುವ ಮರ

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ, ಮನೆಯಲ್ಲಿ ಎಲ್ಲರೂ ಮಲಗಿದ್ದಾಗ, ಪಡಸಾಲೆಯಿಂದ 'ಟಪ್' ಎಂದು ಸದ್ದು ಬಂತು. ಹೋಗಿ ನೋಡಿದರೆ ಟೀಪಾಯಿಯ ಹಲಗೆ ತುದಿಯಿಂದ ಒಂದೂವರೆ ಗೇಣಿನಷ್ಟು ಉದ್ದಕ್ಕೆ ಬಾಯಿ ಬಿಟ್ಟಿತ್ತು. ಹಿಂದಿನ ಆಷಾಢದಲ್ಲಿ, ಹೊರಗೆ ಮಳೆ ಹಿಡಿದಿದ್ದಾಗ, ನಾನೇ ಮಾಡಿದ್ದು. ಮೇಲೆ ಹಲಸಿನ ಹಲಗೆ, ಕೆಳಗೆ ಕಬ್ಬಿಣದ ಕಾಲು, ನಡುವೆ ಎಂಟು ಸ್ಕ್ರೂ. ಒಂದೊಂದನ್ನೂ ಇನ್ನು ತಿರುಗದು ಎನ್ನುವವರೆಗೆ ಬಿಗಿದಿದ್ದೆ. ಊರಿನ ಮನೆಯ ಕೊಟ್ಟಿಗೆ ಹಿಂದೆ ಗಾಳಿಗೆ ಉರುಳಿದ ಮರ ಅದು. ಸೀಳಿಸಿ, ಮೂರು ವರ್ಷ ಅಟ್ಟದಲ್ಲಿ ಒಣಗಿಸಿದ್ದೆವು. ಅದರ ಹಣ್ಣು ತಿಂದು ಬೆಳೆದವನಿಗೆ ಆ ಬಿರುಕು ಬರೀ ಬಿರುಕಾಗಿ ಕಾಣಲಿಲ್ಲ.

ಆಚಾರ್ರು ಬಂದರು. ಬಿರುಕಿನಲ್ಲಿ ಉಗುರು ಆಡಿಸಿದರು, ಟೀಪಾಯಿ ಮಗುಚಿ ಸ್ಕ್ರೂಗಳನ್ನು ನೋಡಿದರು. "ಕಬ್ಬಿಣ ಮಲಗಿಸಿದ ಕಡೆ ಮಲಗಿರುತ್ತೆ. ಮರ ಮಗ್ಗಲು ಬದಲಿಸ್ತಾನೇ ಇರುತ್ತೆ. ನೀವು ಅದನ್ನ ಕಟ್ಟಿ ಹಾಕಿದೀರಲ್ಲ" ಎಂದರು.

ಮರ ಮತ್ತು ಲೋಹ ಸೇರಿಸಿ ಪೀಠೋಪಕರಣ ಮಾಡಹೊರಟವರು ಮೊದಲು ತಿಳಿಯಬೇಕಾದದ್ದು ಇಷ್ಟೇ. ಮರ ಎಷ್ಟೇ ಒಣಗಿರಲಿ, ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಬಿಟ್ಟುಕೊಟ್ಟು ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಈ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕೇ ಎಲ್ಲ ಓಡಾಟ. ಎರಡಡಿ ಅಗಲದ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ನಾಲ್ಕೈದು ಮಿಲಿಮೀಟರ್ ಹೆಚ್ಚುಕಡಿಮೆ ಆಗುವುದುಂಟು. ಕಬ್ಬಿಣಕ್ಕೆ ತೇವದ ಪರಿವೆಯಿಲ್ಲ. ಬಿಸಿಲಿಗೆ ಅದೂ ಹಿಗ್ಗುತ್ತದೆ, ಆದರೆ ಹತ್ತು ಡಿಗ್ರಿ ಬಿಸಿಯೇರಿದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 0.12 ಮಿ.ಮೀ. ಮಾತ್ರ. ಮಳೆಗಾಲದಲ್ಲಿ ಅಗಲವಾಗಿದ್ದ ಹಲಗೆಯನ್ನು ನಾನು ಕಬ್ಬಿಣಕ್ಕೆ ಬಿಗಿದೆ. ಬೇಸಿಗೆಯಲ್ಲಿ ಅದು ಕುಗ್ಗಲು ಹೊರಟಿತು, ಸ್ಕ್ರೂಗಳು ಬಿಡಲಿಲ್ಲ. ಸೀಳದೆ ಅದಕ್ಕೆ ಬೇರೆ ದಾರಿ ಇರಲಿಲ್ಲ.

ಇದು ನಮ್ಮ ರೈತರಿಗೆ ಗೊತ್ತಿಲ್ಲದ ವಿಷಯವೇ? ಎತ್ತಿನಗಾಡಿಯ ಚಕ್ರವನ್ನು ನೆನೆಯಿರಿ. ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಮರದ ಚಕ್ರಕ್ಕಿಂತ ಕೊಂಚ ಚಿಕ್ಕದಾಗಿಯೇ ಬಳೆ ಮಾಡುತ್ತಿದ್ದ. ಸುತ್ತ ಬೆರಣಿ ಒಟ್ಟಿ, ಕೆಂಪಗೆ ಕಾಯಿಸಿ, ಇಕ್ಕಳದಲ್ಲಿ ಎತ್ತಿ ಚಕ್ರಕ್ಕೆ ತೊಡಿಸಿ ನೀರು ಸುರಿದರೆ, ಹೊಗೆ ಏಳುತ್ತಿದ್ದಂತೆ ಪಟ್ಟಿ ಕುಗ್ಗಿ, ಅರಗಳೆಲ್ಲ ಕಿರ್ರೆಂದು ಗುಂಬಕ್ಕೆ ಕೂರುತ್ತಿದ್ದವು. ಅಲ್ಲಿ ಕಬ್ಬಿಣ ಮರವನ್ನು ಅಪ್ಪಿ ಹಿಡಿಯಬೇಕು. ಆದರೂ ಬೇಸಿಗೆಯಲ್ಲಿ ಮರ ಒಣಗಿ ಪಟ್ಟಿ ಸಡಿಲವಾದಾಗ ಗಾಡಿಯನ್ನು ಕೆರೆಯ ನೀರಿಗಿಳಿಸಿ ಚಕ್ರ ನೆನೆಸುತ್ತಿದ್ದರು. ಮರದ ಸ್ವಭಾವ ಬಲ್ಲವರು ಅವರು. ಟೀಪಾಯಿಯಲ್ಲಿ ಕಬ್ಬಿಣ ಅಪ್ಪಬಾರದು, ಹೊತ್ತುಕೊಳ್ಳಬೇಕು, ಅಷ್ಟೇ.

ಎರಡನೆಯ ಸಲ ಕಾಗದದ ಮೇಲೆ ಲೆಕ್ಕ ಹಾಕಿಯೇ ಶುರುಮಾಡಿದೆ. ಟೀಪಾಯಿ ಎಂಬ ಹೆಸರಿಗೂ 'ಟೀ'ಗೂ ನಂಟಿಲ್ಲ. ಹಿಂದೂಸ್ತಾನಿಯ ತಿಪಾಯಿ, ಅಂದರೆ ಮೂರು ಕಾಲಿನದು. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಕಿತ್ತ ಹಳೆ ಕಾಫಿ ಗಿಡದ ಬುಡವನ್ನೇ ತಲೆಕೆಳಗು ಮಾಡಿ, ಮೇಲೆ ಗಾಜಿಟ್ಟು ಟೀಪಾಯಿ ಮಾಡುತ್ತಾರೆ. ಕಾಲು ಎಷ್ಟಾದರೂ ಇರಲಿ, ಎತ್ತರ ತಪ್ಪಬಾರದು: ಸೋಫಾದ ಕೂರುವ ಜಾಗಕ್ಕೆ ಸಮ, ಇಲ್ಲವೇ ಒಂದೆರಡು ಇಂಚು ತಗ್ಗು. ಸಾಮಾನ್ಯವಾಗಿ 16ರಿಂದ 18 ಇಂಚು. ಉದ್ದ ಸೋಫಾದ ಮೂರನೇ ಎರಡು ಪಾಲಿದ್ದರೆ ಕಣ್ಣಿಗೆ ಹಿತ. ಸೋಫಾಕ್ಕೂ ಅದಕ್ಕೂ ನಡುವೆ ಒಂದೂಕಾಲು ಅಡಿಯಿಂದ ಒಂದೂವರೆ ಅಡಿ ಬಿಟ್ಟರೆ ಮೊಣಕಾಲು ತಗುಲುವುದಿಲ್ಲ, ಲೋಟಕ್ಕೂ ಕೈ ಎಟುಕುತ್ತದೆ.

ಮರ ಕೊಳ್ಳುವವರಿಗೆ ಒಂದು ಲೆಕ್ಕ. ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದೂಕಾಲು ಇಂಚು ದಪ್ಪಕ್ಕೆ 0.83 ಘನ ಅಡಿ ಬೇಕು. ಹತ್ತರಿ ಹೊಡೆದು, ತುದಿ ಕೊಯ್ದು ಹೋಗುವುದನ್ನು ಸೇರಿಸಿದರೆ ಒಂದು ಘನ ಅಡಿ ದಾಟುತ್ತದೆ. ನನಗೆ ಕೇಳಿದರೆ, ಕೆಡವಿದ ಮನೆಗಳ ಹಳೆಯ ತೊಲೆ, ಬಾಗಿಲು ಹಲಗೆಯೇ ವಾಸಿ. ಹೊನ್ನೆ, ಮತ್ತಿ, ತೇಗ ಯಾವುದಾದರೂ ದಶಕಗಳ ಮಳೆ ಬಿಸಿಲು ಕಂಡು ಪಳಗಿರುತ್ತದೆ. ಕೊಯ್ಯುವ ಮೊದಲು ಅಯಸ್ಕಾಂತ ಆಡಿಸಿ ಒಳಗಿನ ಮೊಳೆ ಹುಡುಕಿ. ಗರಗಸದ ಹಲ್ಲು ಉಳಿಯುತ್ತದೆ. ನಮ್ಮ ಹಲಸನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಆಚಾರ್ರು ಬಿರುಕಿನ ಗುಂಟ ಸೀಳಿ, ಅಂಚು ನುಣುಪು ಮಾಡಿ, ಅಂಟು ಹಚ್ಚಿ, ಕ್ಲಾಂಪಿನಲ್ಲಿ ಒಂದು ರಾತ್ರಿ ಬಿಟ್ಟರು. ಅರ್ಧ ಇಂಚು ಅಗಲ ಹೋಯಿತು.

ಕಾಲುಗಳಿಗೆ ಒಂದಿಂಚಿನ ಚೌಕ ಪೈಪು, 16 ಗೇಜ್. ಅಗಲ 20, ಎತ್ತರ 16 ಇಂಚಿನ ಎರಡು ಚೌಕಟ್ಟು, ಅವನ್ನು ಸೇರಿಸಲು 36 ಇಂಚಿನ ಎರಡು ಅಡ್ಡಪೈಪು. ಒಟ್ಟು 18 ಅಡಿ. ಅಂಗಡಿಯಲ್ಲಿ ಸಿಗುವ 20 ಅಡಿಯ ಒಂದೇ ಪೈಪಿನಲ್ಲಿ ಮುಗಿಯುತ್ತದೆ. ಜಿಐ ಪೈಪು ಬೇಡ. ವೆಲ್ಡಿಂಗ್ ಮಾಡುವಾಗ ಅದರ ಸತುವಿನ ಹೊಗೆ ಉಸಿರಿಗೆ ಸೇರಿದರೆ ಚಳಿಜ್ವರ ಬರುತ್ತದೆ. ಒಂದು ಮೂಲೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ, ಬೆಸುಗೆ ಆರುವಾಗ ಎಳೆದು ಚೌಕಟ್ಟು ಸೊಟ್ಟಗಾಗುತ್ತದೆ. ನಾಲ್ಕೂ ಮೂಲೆಗೆ ಮೊದಲು ಟ್ಯಾಕ್, ಅಂದರೆ ಚುಕ್ಕೆಯಷ್ಟೇ ಬೆಸುಗೆ ಹಾಕಿಸಿ, ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು, ಅಳತೆ ಒಂದೇ ಬಂದ ಮೇಲೆ ಉಳಿದದ್ದು.

ಚೌಕಟ್ಟುಗಳ ಮೇಲಂಚಿನ ಒಳಗೆ ಮೂರು ಮಿ.ಮೀ. ದಪ್ಪದ ಪಟ್ಟಿಯ ತುಂಡುಗಳನ್ನು ಬೆಸೆಸಿದೆ, ಒಂದೊಂದಕ್ಕೆ ಮೂರು. ನಡುವಿನದಕ್ಕೆ ದುಂಡು ತೂತು. ಅಕ್ಕಪಕ್ಕದವಕ್ಕೆ ಹಲಗೆಯ ಅಗಲದ ದಿಕ್ಕಿಗೆ ಉದ್ದನೆಯ ತೂತು: ಒತ್ತೊತ್ತಾಗಿ ಎರಡು ತೂತು ಕೊರೆದು, ನಡುವಿನದನ್ನು ಅರದಿಂದ ಉಜ್ಜಿದರಾಯಿತು. ವಾಷರ್ ಹಾಕಿ ಸ್ಕ್ರೂ ಬಿಗಿದು, ಕೊನೆಯಲ್ಲಿ ಕಾಲು ಸುತ್ತು ಸಡಿಲಿಸಿದೆ. ಹಲಗೆ ನಡುವೆ ನಿಂತು ಎರಡೂ ಬದಿಗೆ ಮಿಸುಕಾಡಬಹುದು. ಅದಕ್ಕೂ ಮೊದಲು ಕಬ್ಬಿಣಕ್ಕೆ ರೆಡ್ ಆಕ್ಸೈಡ್, ಮೇಲೆ ಕಪ್ಪು ಬಣ್ಣ. ಇದು ಚೆಂದಕ್ಕಷ್ಟೇ ಅಲ್ಲ. ಹಿಂದೆ ಅಳಲೆಕಾಯಿಯ ಒಗರಿಗೆ ಕಬ್ಬಿಣ ಬೆರೆಸಿ ಮಸಿ ಮಾಡುತ್ತಿದ್ದರು. ಒಗರಿರುವ ಮರಕ್ಕೆ ಬೆತ್ತಲೆ ಕಬ್ಬಿಣ ತಾಗಿ ತೇವವಾದರೆ ಅದೇ ಮಸಿ ಹಲಗೆಯಲ್ಲಿ ಮೂಡುತ್ತದೆ.

ಉಪ್ಪುಕಾಗದವನ್ನು 80ರಿಂದ 220ರವರೆಗೆ ಎಳೆಯ ಗುಂಟ ಉಜ್ಜಿ, ಅಗಸೆ ಎಣ್ಣೆ ಹಚ್ಚಿದೆ. ಅಡಿಬದಿಗೂ ಹಚ್ಚಲೇಬೇಕು, ಒಂದೇ ಬದಿ ಮುಚ್ಚಿದರೆ ತೇವ ಇನ್ನೊಂದು ಬದಿಯಿಂದ ನುಗ್ಗಿ ಹಲಗೆ ಬಾಗುತ್ತದೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯಬೇಡಿ, ತಾನೇ ಕಾದು ಹೊತ್ತಿಕೊಳ್ಳಬಲ್ಲದು. ಬಯಲಲ್ಲಿ ಹರವಿ ಒಣಗಿಸಿ. ಎಣ್ಣೆ ಬಿದ್ದೊಡನೆ ಹಲಸಿನ ಹಳದಿ ಜೇನಿನ ಬಣ್ಣಕ್ಕೆ ತಿರುಗಿತು. ಅಂಟಿಸಿದ ಗೆರೆ ಹುಡುಕಿದರೆ ಮಾತ್ರ ಕಾಣುತ್ತದೆ.

ಏಪ್ರಿಲ್‌ನಲ್ಲಿ ಕೂರಿಸಿದಾಗ, ಹಲಗೆಯ ಅಡಿಯಲ್ಲಿ ಒಂದು ಕಡೆಯ ವಾಷರಿನ ಅಂಚಿಗೆ ಸರಿಯಾಗಿ ಕಬ್ಬಿಣದ ಪಟ್ಟಿಯ ಮೇಲೆ ಸೂಜಿಯಿಂದ ಗೀರು ಹಾಕಿದ್ದೆ. ಆಗಸ್ಟ್‌ನಲ್ಲಿ, ಬಟ್ಟೆ ಒಣಗದ ವಾರದಲ್ಲಿ, ನೆಲದ ಮೇಲೆ ಮಲಗಿ ಟಾರ್ಚ್ ಬಿಟ್ಟು ನೋಡಿದೆ. ವಾಷರು ಗೀರು ದಾಟಿ ಒಂದು ಅಕ್ಕಿಕಾಳಿನ ದಪ್ಪದಷ್ಟು ಆಚೆ ಸರಿದಿತ್ತು.