ರೂಪಾಯಿಗೆ ಯಂತ್ರದ ಒರೆಗಲ್ಲು

ಪ್ಲೈವುಡ್ಡಿನ ಪೆಟ್ಟಿಗೆ, ಹಳೆಯ ಮಾನಿಟರು, ಅಂಗೈಯಗಲದ ಕಂಪ್ಯೂಟರಾದ ರಾಸ್ಪ್‌ಬೆರಿ ಪೈ ಇವನ್ನು ಕೂಡಿಸಿ ಬೆಂಗಳೂರಿನ ಪುಟ್ಟೇನಹಳ್ಳಿಯ ಮನೆಯಲ್ಲಿಯೇ ವೀಡಿಯೋ ಗೇಮಿನ ಯಂತ್ರವೊಂದನ್ನು ಕಟ್ಟಿಕೊಂಡ ಹವ್ಯಾಸಿಗೆ, ಅದಕ್ಕೆ ಕಾಸು ನುಂಗುವ ಬಾಯಿಯನ್ನೂ ಕೂರಿಸಬೇಕೆಂಬ ಆಸೆ ಹುಟ್ಟುವುದು ಸಹಜವೇ. ಜೆ.ಪಿ. ನಗರದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರೋಡು ಸಮೀಪ, ತಂತಿ, ಸ್ವಿಚ್ಚು, 12 ವೋಲ್ಟಿನ ಅಡಾಪ್ಟರುಗಳಿಗೆ ಅಲ್ಲಿ ಬರವಿಲ್ಲ. ತೊಡಕಿರುವುದು ನಮ್ಮ ರೂಪಾಯಿಯಲ್ಲಿ.

ಪಾಶ್ಚಾತ್ಯ ದೇಶಗಳ ಹಳೆಯ ಯಂತ್ರಗಳಲ್ಲಿ ನಾಣ್ಯವು ಇಳಿಜಾರಿನಲ್ಲಿ ಉರುಳುತ್ತ ಶಾಶ್ವತ ಅಯಸ್ಕಾಂತವೊಂದರ ಬಳಿ ಹಾದುಹೋಗುತ್ತಿದ್ದಿತು. ಚಲಿಸುವ ಲೋಹದಲ್ಲಿ ಕಾಂತಕ್ಷೇತ್ರವು ಸುಳಿಪ್ರವಾಹಗಳನ್ನು ಹುಟ್ಟಿಸುವುದರಿಂದಲೂ, ಲೆಂಜ್ ನಿಯಮದಂತೆ ಆ ಪ್ರವಾಹಗಳು ತಮಗೆ ಜನ್ಮವಿತ್ತ ಚಲನೆಯನ್ನೇ ವಿರೋಧಿಸುವುದರಿಂದಲೂ, ತಾಮ್ರ-ನಿಕ್ಕಲಿನ ನಾಣ್ಯವು ತಕ್ಕಷ್ಟೇ ಮಂದಗತಿಯಾಗಿ ನಿಯತವಾದ ಕಿಂಡಿಗೆ ಬೀಳುವುದು. ಕಬ್ಬಿಣದ ಬಿಲ್ಲೆಯಾದರೋ ಅಯಸ್ಕಾಂತಕ್ಕೆ ಅಂಟಿಕೊಂಡು ತನ್ನ ಖೋಟಾತನವನ್ನು ತಾನೇ ಸಾರುವುದು. ಆದರೆ 1992ರಿಂದೀಚೆಗೆ ನಮ್ಮ ಒಂದು ರೂಪಾಯಿಯನ್ನು ಟಂಕಿಸುತ್ತಿರುವುದು ಫೆರಿಟಿಕ್ ಸ್ಟೇನ್‌ಲೆಸ್ ಸ್ಟೀಲಿನಲ್ಲಿ: ನೂರಕ್ಕೆ 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ಭಾರತ ಸರ್ಕಾರದ ಸಾಚಾ ರೂಪಾಯಿಯೇ ಅಲ್ಲಿ ಕಳ್ಳಬಿಲ್ಲೆಯಾಗಿ ಸಿಕ್ಕಿಬಿದ್ದೀತು!

ಆದುದರಿಂದ ಹೋಲಿಸಿ ನೋಡುವ ವಿದ್ಯುನ್ಮಾನ ಯಂತ್ರವೇ ನಮಗೆ ಗತಿ. ಅದರೊಳಗೆ ತಂತಿಸುರುಳಿಗಳ ನಡುವೆ ಮಾದರಿಯ ನಾಣ್ಯವೊಂದನ್ನು ಸಿಕ್ಕಿಸಿಟ್ಟಿರುತ್ತಾರೆ. ಮೇಲಿನಿಂದ ಬಿದ್ದ ನಾಣ್ಯವು ಅಂತಹವೇ ಬೇರೆ ಸುರುಳಿಗಳ ನಡುವೆ ಜಾರುವಾಗ ಎರಡು ಕಡೆಯ ಸಂಕೇತಗಳೂ ಸಮವಾದವೆಂದರೆ, ಸೊಲೆನಾಯ್ಡ್ ಟಕ್ಕನೆ ಪುಟ್ಟ ಕದವನ್ನು ಸೆಳೆದು ಅದನ್ನು ಒಳಗೆ ಬಿಡುವುದು. ಸಮವಾಗದಿದ್ದರೆ ಹಾಕಿದವನ ಕೈಗೇ ಹಿಂದಿರುಗಿಸುವುದು. ಅಶೋಕಸ್ತಂಭದ ಸಿಂಹಗಳಾಗಲಿ, ಮೇಲೆ ಮುದ್ರಿಸಿದ ಅಂಕಿಯಾಗಲಿ ಅದರ ಗಣನೆಗೆ ಬಾರವು. ಲೋಹವೂ ಆಕಾರವೂ ಮಾತ್ರವೇ ಅದಕ್ಕೆ ಪ್ರಮಾಣ. ಇದರಿಂದೊಂದು ವಿನೋದವುಂಟು. 1992ರ ಒಂದು ರೂಪಾಯಿಯೂ 2011ರ ಎರಡು ರೂಪಾಯಿಯೂ ಒಂದೇ ಉಕ್ಕಿನವು, ಎರಡಕ್ಕೂ ವ್ಯಾಸ 25 ಮಿಲಿಮೀಟರು, ತೂಕ 4.85 ಗ್ರಾಂ, ಇವುಗಳಲ್ಲಿ ಭೇದವೆಣಿಸುವುದು ಯಂತ್ರಕ್ಕೆ ಅಸಾಧ್ಯ. 2019ರ ಮಾಲಿಕೆಯ ಒಂದು ರೂಪಾಯಿಯೋ 20 ಮಿಲಿಮೀಟರಿಗೆ ಕುಗ್ಗಿ, ತನ್ನ ಹಿರಿಯಣ್ಣನಿಗಾಗಿ ಹೊಂದಿಸಿದ ಯಂತ್ರದಲ್ಲಿ ತಿರಸ್ಕೃತವಾಗುವುದು. ಯಾವ ವರ್ಷದ ನಾಣ್ಯಕ್ಕೆ ಮನ್ನಣೆಯೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡು, ಅಂಥವನ್ನಷ್ಟು ಡಬ್ಬಿಯಲ್ಲಿ ಕೂಡಿಟ್ಟುಕೊಳ್ಳುವುದು ಜಾಣತನ.

ಉಳಿದುದು ಸುಲಭ. ನಾಣ್ಯ ಸ್ವೀಕೃತವಾದೊಡನೆ ಹೊರಡುವ ವಿದ್ಯುತ್ ಮಿಡಿತವನ್ನು, ಯಂತ್ರದ 12 ವೋಲ್ಟು ಪೈಯ 3.3 ವೋಲ್ಟಿನ ಪಿನ್ನಿಗೆ ತಾಗದ ಹಾಗೆ ಆಪ್ಟೋಕಪ್ಲರಿನ ಮೂಲಕ ದಾಟಿಸಿ, ಕೀಬೋರ್ಡಿನ 5ರ ಕೀಲಿಯನ್ನು ಒತ್ತಿದುದಕ್ಕೆ ಸಮಾನವಾಗುವಂತೆ ಮಾಡಬೇಕು. ಪೈಯಲ್ಲಿ ಹಳೆಯ ಗೇಮುಗಳನ್ನು ಆಡಿಸುವ ಮೇಮ್ ತಂತ್ರಾಂಶದಲ್ಲಿ ಮೊದಲನೆಯ ಆಟಗಾರನ ಕಾಸೆಂದರೆ ಆ ಕೀಲಿಯೇ. ಈ ಗುಟ್ಟನ್ನರಿತ ಮನೆಯ ಹುಡುಗರು ಬಿಡಿಗಾಸಿಲ್ಲದೆ ಆಡಿಯಾರು. ಕೀಬೋರ್ಡನ್ನು ಪೆಟ್ಟಿಗೆಯ ಒಳಗಿಟ್ಟು ಬೀಗ ಹಾಕುವುದು ಲೇಸು.