ನಮ್ಮದೇ ರಕ್ತ, ನಮ್ಮದೇ ಕೊಬ್ಬು: ಮಂಡಿನೋವಿನ ಹೊಸ ಚಿಕಿತ್ಸೆಗಳ ಬಗ್ಗೆ



ನಮ್ಮ ಮಸೀದಿಗಳ ಸಫ್‌ಗಳಲ್ಲಿ ಕುರ್ಚಿಗಳು ಹೆಚ್ಚುತ್ತಿವೆ. ಮಂಡಿ ಸವೆದವರ ಮನೆಗಳಲ್ಲಿ ಈಗ ಎರಡು ಚಿಕಿತ್ಸೆಗಳ ಮಾತು ಕೇಳಿಬರುತ್ತಿದೆ. ಒಂದು, ಸ್ವಂತ ರಕ್ತದಿಂದ ತಯಾರಿಸುವ ಪಿಆರ್‌ಪಿ ಇಂಜೆಕ್ಷನ್. ಇನ್ನೊಂದು, ಸ್ವಂತ ಕೊಬ್ಬಿನಿಂದ ತೆಗೆಯುವ ಕಾಂಡಕೋಶ, ಅಂದರೆ ಸ್ಟೆಮ್ ಸೆಲ್. "ರಕ್ತ ಹರಾಮ್ ಅಲ್ಲವೇ ಉಸ್ತಾದರೇ?" ಎಂದು ಹಿರಿಯರು ಕೇಳುತ್ತಾರೆ. "ಸವೆದದ್ದು ಮತ್ತೆ ಬೆಳೆಯುತ್ತದಂತೆ, ಒಡವೆ ಅಡವಿಟ್ಟಾದರೂ ಮಾಡಿಸೋಣವೇ?" ಎಂದು ಮಕ್ಕಳು ಕೇಳುತ್ತಾರೆ.

ಮೊದಲು ಚಿಕಿತ್ಸೆ ಏನೆಂದು ತಿಳಿಯೋಣ. ಕೀಲಿನಲ್ಲಿ ಮೂಳೆಯ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇದೆ. ಅದರಲ್ಲಿ ರಕ್ತನಾಳಗಳಿಲ್ಲ. ಆದ್ದರಿಂದ ಚರ್ಮದ ಗಾಯ ಮಾಯುವಂತೆ ಅದು ತಾನಾಗಿ ಮಾಯುವುದಿಲ್ಲ. ಡೆಂಗಿ ಬಂದಾಗ ಪ್ಲೇಟ್‌ಲೆಟ್ ಎಷ್ಟಿದೆ ಎಂದು ನಾವೆಲ್ಲ ಕೇಳುತ್ತೇವೆ. ಅವೇ ಪ್ಲೇಟ್‌ಲೆಟ್‌ಗಳಲ್ಲಿ ಗಾಯ ಮಾಯಲು ನೆರವಾಗುವ ಪ್ರೋಟೀನ್‌ಗಳಿವೆ. ರೋಗಿಯ ತೋಳಿನಿಂದ ಸ್ವಲ್ಪ ರಕ್ತ ತೆಗೆದು, ಯಂತ್ರದಲ್ಲಿ ವೇಗವಾಗಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಮಂಡಿಗೆ ಚುಚ್ಚುವುದೇ ಪಿಆರ್‌ಪಿ. ಎರಡನೆಯದರಲ್ಲಿ ಹೊಟ್ಟೆಯ ಅಥವಾ ತೊಡೆಯ ಕೊಬ್ಬನ್ನು ಹೀರಿ ತೆಗೆದು, ಅದರಿಂದ ಬೇರ್ಪಡಿಸಿದ ಕೋಶಗಳನ್ನು ಕೀಲಿಗೆ ಸೇರಿಸುತ್ತಾರೆ.

ಇನ್ನು ಶರೀಅತ್‌ನ ಮಾತು. ಪವಿತ್ರ ಕುರ್‌ಆನ್ ಸೂರಃ ಅಲ್ ಬಕರಃದ 173ನೇ ವಚನದಲ್ಲಿ ರಕ್ತವನ್ನು ನಿಷೇಧಿಸಿದೆ. ಅದು ಆಹಾರದ ಕುರಿತಾದ ಆದೇಶ. ಅದೇ ವಚನದಲ್ಲಿ ಅನಿವಾರ್ಯತೆಗೆ ಸಿಲುಕಿದವನಿಗೆ ವಿನಾಯಿತಿಯೂ ಇದೆ. ಚಿಕಿತ್ಸೆಗಾಗಿ ರಕ್ತ ನೀಡುವುದನ್ನು ನಮ್ಮ ಕಾಲದ ಉಲಮಾಗಳು ಅನುಮತಿಸಿದ್ದಾರೆ. ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು 1988ರ ನಿರ್ಣಯದಲ್ಲಿ, ಒಬ್ಬನ ದೇಹದ ಭಾಗವನ್ನು ಅವನದೇ ದೇಹದ ಇನ್ನೊಂದು ಕಡೆಗೆ ಹಾಕುವುದು ಸಮ್ಮತ ಎಂದಿತು. ಆದರೆ ಷರತ್ತು ಹಾಕಿತು: ನಿರೀಕ್ಷಿತ ಪ್ರಯೋಜನವು ಹಾನಿಗಿಂತ ಹೆಚ್ಚಿರುವುದು ಖಚಿತವಾಗಬೇಕು.

ಹಾಗಾಗಿ ರಕ್ತ ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚಿಲ್ಲ. ಪ್ರಯೋಜನ ಎಷ್ಟು ಎಂದು ವಿಚಾರಿಸುವುದೂ ದೀನಿನ ಭಾಗವೇ ಆಯಿತು.

ಪ್ರಯೋಜನದ ಬಗ್ಗೆ ಸಂಶೋಧನೆ ಏನು ಹೇಳುತ್ತದೆ? ಆಸ್ಟ್ರೇಲಿಯಾದಲ್ಲಿ ಮಂಡಿ ಸವೆತದ 288 ಜನರಲ್ಲಿ ಕೆಲವರಿಗೆ ಪಿಆರ್‌ಪಿಯನ್ನೂ ಉಳಿದವರಿಗೆ ಬರೀ ಉಪ್ಪುನೀರಿನ ಇಂಜೆಕ್ಷನನ್ನೂ ಕೊಟ್ಟು ನೋಡಿದರು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಒಂದು ವರ್ಷದ ಬಳಿಕ ನೋವಿನಲ್ಲಾಗಲಿ ಮೃದ್ವಸ್ಥಿಯಲ್ಲಾಗಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬೇರೆ ಕೆಲವು ಅಧ್ಯಯನಗಳಲ್ಲಿ ಕೆಲವು ತಿಂಗಳು ನೋವು ಕಡಿಮೆಯಾದದ್ದು ಉಂಟು. ಅಮೆರಿಕದಲ್ಲಿ 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಕೊಬ್ಬಿನ ಕೋಶಗಳೂ ಸೇರಿದಂತೆ ಮೂರು ಬಗೆಯ ಕೋಶ ಚಿಕಿತ್ಸೆಗಳನ್ನು ಸಾಮಾನ್ಯ ಸ್ಟೀರಾಯ್ಡ್ ಇಂಜೆಕ್ಷನ್ ಜೊತೆ ಹೋಲಿಸಿತು. ವರ್ಷದ ಕೊನೆಗೆ ಯಾವುದೂ ಅದಕ್ಕಿಂತ ಮೇಲೆನಿಸಲಿಲ್ಲ. ಅಂದರೆ ನೋವು ಸ್ವಲ್ಪ ಕಾಲ ತಗ್ಗಬಹುದು. ಸವೆದದ್ದು ಮತ್ತೆ ಬೆಳೆಯುತ್ತದೆ ಎಂಬ ಭರವಸೆಗೆ ಇಂದು ಗಟ್ಟಿ ಆಧಾರವಿಲ್ಲ.

ಕಾನೂನನ್ನೂ ತಿಳಿದಿರಿ. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ಐಸಿಎಂಆರ್, 2017ರ ಮಾರ್ಗಸೂಚಿಯಲ್ಲಿ ಸಾಬೀತಾಗದ ಕಾಂಡಕೋಶ ಚಿಕಿತ್ಸೆಯನ್ನು ಅನುಮತಿ ಪಡೆದ ಪ್ರಯೋಗಗಳ ಹೊರಗೆ ವ್ಯಾಪಾರವಾಗಿ ನಡೆಸಬಾರದು ಎಂದಿದೆ. 2022ರಲ್ಲಿ ಮಂಡಿ ಸವೆತಕ್ಕೆ ಅನುಮತಿ ಪಡೆದ ಬೆಂಗಳೂರಿನ ಕಂಪನಿಯೊಂದರ ಔಷಧವು ದಾನಿಗಳ ಅಸ್ಥಿಮಜ್ಜೆಯ ಕೋಶಗಳದ್ದು. ಆ ಅನುಮತಿಯನ್ನು ತೋರಿಸಿ ಯಾರಾದರೂ ಕೊಬ್ಬಿನ ಕೋಶ ಮಾರಿದರೆ ನಂಬಬೇಡಿ. ಪ್ರಯೋಗ ಎಂದರೆ ಅದರ ನೋಂದಣಿ ಸಂಖ್ಯೆ ಕೇಳಿ.

ಮೂಳೆ ತಜ್ಞರಲ್ಲಿ ಇಷ್ಟು ಕೇಳಿ: ನನ್ನ ಸವೆತ ಯಾವ ಹಂತದ್ದು? ಒಟ್ಟು ಖರ್ಚೆಷ್ಟು? ಪ್ರಯೋಜನವಾಗದಿದ್ದರೆ ಮುಂದೇನು? ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ತಿಳಿಸಿ. ತೂಕ ಇಳಿಸುವುದು ಮತ್ತು ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಇವೆರಡರ ಪ್ರಯೋಜನ ಸಾಬೀತಾಗಿದೆ. ಅವನ್ನು ಬಿಟ್ಟು ಬಡ್ಡಿ ಸಾಲಕ್ಕೆ ಕೈಹಾಕಬೇಡಿ.

ಎರಡು ಮಸ್‌ಅಲಗಳು: ರಕ್ತ ತೆಗೆದರೆ ಹನಫಿ ಮದ್‌ಹಬ್ ಪ್ರಕಾರ ವುಝೂ ಮುರಿಯುತ್ತದೆ, ಶಾಫಿಈ ಪ್ರಕಾರ ಮುರಿಯುವುದಿಲ್ಲ. ನಿಂತು ನಮಾಝ್ ಮಾಡಲಾಗದವರು ಕುಳಿತು, ಅದೂ ಆಗದಿದ್ದರೆ ಮಲಗಿ ಮಾಡಲು ಪ್ರವಾದಿ(ಸ) ಇಮ್ರಾನ್ ಬಿನ್ ಹುಸೈನ್(ರ)ರಿಗೆ ತಿಳಿಸಿದ್ದು ಸಹೀಹ್ ಬುಖಾರಿಯಲ್ಲಿದೆ. ಕುರ್ಚಿಯ ಮೇಲಿನ ನಮಾಝ್‌ಗಾಗಿ ಯಾರೂ ನಾಚಬೇಕಿಲ್ಲ.

ಪ್ರವಾದಿ(ಸ) ಚಿಕಿತ್ಸೆ ಪಡೆಯಲು ಪ್ರೋತ್ಸಾಹಿಸಿದರು. ಪ್ರತಿ ರೋಗಕ್ಕೂ ಔಷಧವಿದೆ ಎಂದರು, ಮುಪ್ಪೊಂದನ್ನು ಹೊರತುಪಡಿಸಿದರು. ವಯಸ್ಸಾದ ಮಂಡಿಯ ವಿಷಯದಲ್ಲಿ ಈ ಎರಡೂ ಮಾತು ನಮ್ಮ ನೆನಪಿನಲ್ಲಿರಲಿ. ದೇಹ ಅಲ್ಲಾಹನ ಅಮಾನತ್, ದುಡಿದ ಹಣವೂ ಅಮಾನತ್. ಎರಡನ್ನೂ ಜೋಪಾನ ಮಾಡುವ ವಿವೇಕವನ್ನೂ, ನಮ್ಮ ರೋಗಿಗಳಿಗೆ ಶಿಫಾವನ್ನೂ ಅಲ್ಲಾಹನು ಕರುಣಿಸಲಿ. ಆಮೀನ್.